ಟೋಪಿ ಚೆನ್ನಾಗಿದೆ ಅಕ್ಕೋರೆ, ಪೈನ್ ಕಾಡು ಬೇಡ

ವಿಜಯಪುರ ಜಿಲ್ಲೆಯ ಇಂಡಿ ಊರಿನ ಅಕ್ಕೋರಿಗೆ ಬೆಳಗಾವಿಯಿಂದ ನಮಸ್ಕಾರ.

ಅಚ್ಚಿಗೆಂದು ನೀವು ಕಳಿಸಿದ 'ನಿಸರ್ಗದ ಮಡಿಲಲ್ಲೊಂದು ಉಲ್ಲನ್ ಟೋಪಿ' ಲೇಖನವನ್ನು ಎರಡು ಸಲ ಓದಿದೆ. ಆಮೇಲೆ ಓದುವುದು ಬಿಟ್ಟು ಹೆಣೆಯಲು ಕೂತೆ. ಅಡುಗೆ ಬಗ್ಗೆ ಬರೆದದ್ದನ್ನು ಉಂಡು ನೋಡಬೇಕು, ಹೆಣಿಗೆ ಬಗ್ಗೆ ಬರೆದದ್ದನ್ನು ಹೆಣೆದು ನೋಡಬೇಕು. ನೀವು ಹೇಳಿದಂತೆಯೇ 8 ಮಿ.ಮೀ. ಕಡ್ಡಿ, ದಪ್ಪ ಉಲ್ಲನ್, 80 ಕುಣಿಕೆ. ಎರಡು ಸಂಜೆ ಹಿಡಿಯಿತು. ತಲೆಗೆ ಹಾಕಿದರೆ ಮೂಗು ದಾಟಿ ಕೊರಳಿಗೆ ಬಂತು. ಈಗ ಅದು ಅಡುಗೆಮನೆಯಲ್ಲಿ ನೀರಿನ ಕೊಡದ ಮೇಲಿದೆ. ಕೊಡಕ್ಕೆ ಸರಿಯಾಗಿ ಕೂತಿದೆ, ಅದು ಬೇರೆ ಮಾತು.

ಲೆಕ್ಕ ನೋಡಿ. ಈ ಉಲ್ಲನ್ನಿನಲ್ಲಿ ನನಗೆ 10 ಸೆಂ.ಮೀ.ಗೆ 11 ಕುಣಿಕೆ ಬಂದವು. ಅಂದರೆ 80 ಕುಣಿಕೆಗೆ ಸುಮಾರು 73 ಸೆಂ.ಮೀ. ದೊಡ್ಡವರ ತಲೆ 56 ಸೆಂ.ಮೀ. ಆಸುಪಾಸು. ಹೆಣಿಗೆ ಹಿಗ್ಗುತ್ತದೆ, ಹಾಗಾಗಿ ಟೋಪಿ ತಲೆಗಿಂತ ಒಂದು 5 ಸೆಂ.ಮೀ. ಕಮ್ಮಿ ಇರಬೇಕು. 51 ಸೆಂ.ಮೀ.ಗೆ 56 ಕುಣಿಕೆ ಸಾಕಿತ್ತು. ಅಂಗೈ ಅಗಲದ ತುಣುಕು ಹೆಣೆದು ಮೊದಲು ಅಳತೆ ನೋಡಿ ಎಂಬ ಮಾತೇ ನಿಮ್ಮ ಲೇಖನದಲ್ಲಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕೂಸಿನ ತಲೆಯನ್ನೇ ಯಾರೂ ಅಳೆದಿಲ್ಲ. 'ಒಂದೇ ಗಂಟೆಯಲ್ಲಿ ಟೋಪಿ ರೆಡಿ' ಎಂಬ ಸಾಲನ್ನೂ ಹೊಡೆದು ಹಾಕಿದ್ದೇನೆ. ದಪ್ಪ ಉಲ್ಲನ್ ಬೇಗ ಬೆಳೆಯುತ್ತದೆ, ನಿಜ. ಆದರೆ ಕಡ್ಡಿ ಹಿಡಿದು ಹೆಚ್ಚು ದಿನ ಆಗದವರು ಆ ಸಾಲು ನಂಬಿ ಅಳುತ್ತಾರೆ.

ಇನ್ನು ನಿಸರ್ಗಕ್ಕೆ ಬರೋಣ. ಇಲ್ಲಿ ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲ ಪುಟದ ತುಂಬ ಹಿಮ ಬಿದ್ದ ಪೈನ್ ಕಾಡು. ಓಕ್ ಎಲೆಗಳ ಮರ್ಮರ. ಇಂಡಿಯಲ್ಲಿ ಕೂತು ನೀವು ಓಕ್ ಎಲೆಯ ಸದ್ದು ಯಾವಾಗ ಕೇಳಿದಿರಿ? ಅದು ಎಲ್ಲೋ ಓದಿದ ಕಾಡು ಅಂತ ಎರಡನೇ ಸಾಲಿಗೇ ಗೊತ್ತಾಗುತ್ತದೆ. 'ಕುರುಬರ ಕಂಬಳಿಯ ಉಣ್ಣೆಯ ರೇಷ್ಮೆಯಂಥ ಮೃದುತ್ವ' ಅಂತ ಬೇರೆ ಇದೆ. ಅಕ್ಕೋರೆ, ಕಂಬಳಿ ಹೊದ್ದು ಮಲಗಿದ್ದೀರಾ? ದಖನಿ ಕುರಿಯ ಉಣ್ಣೆ ಒರಟು. ನೇಯುವ ಮುಂಚೆ ಹುಣಸೆ ಬೀಜದ ಗಂಜಿ ಬೇರೆ ಹಾಕಿರುತ್ತಾರೆ. ಮಳೆಗೆ, ಚಳಿಗೆ ಅದರಂಥದ್ದು ಇನ್ನೊಂದಿಲ್ಲ. ಆದರೆ ಅದರ ಟೋಪಿ ಹಾಕಿಕೊಂಡರೆ ಹಣೆ ತುರಿಸುತ್ತದೆ. ತುರಿಸುತ್ತದೆ ಅಂತಲೇ ಬರೆಯಿರಿ.

ಅಂಚು 'ಚಿಗುರೆಲೆಯಂತೆ ತಾನಾಗಿ ಸುರುಳಿಯಾಗುತ್ತದೆ' ಎಂದಿದ್ದೀರಿ. ಅದು ಚಿಗುರಿನ ಚೆಲುವಲ್ಲ. ಬರೀ ಸೀದಾ ಮುಖ ಬರುವಂತೆ ಹೆಣೆದರೆ ಅಂಚು ಸುರುಳಿ ಸುತ್ತಿಯೇ ಸುತ್ತುತ್ತದೆ. ಎರಡು ಸೀದಾ ಕುಣಿಕೆ (ನಿಟ್), ಎರಡು ಉಲ್ಟಾ ಕುಣಿಕೆ (ಪರ್ಲ್) ಹಾಕಿ 5 ಸೆಂ.ಮೀ. ಪಟ್ಟಿ ಹೆಣೆದರೆ ಅಂಚು ನೆಟ್ಟಗೆ ನಿಲ್ಲುತ್ತದೆ, ಕಿವಿಯನ್ನೂ ಹಿಡಿಯುತ್ತದೆ.

ಒಂದು ಗೇಣಿನ ಟೋಪಿಯಲ್ಲಿ ಎಲೆ, ಜಡೆ, ಗುಂಡು ಉಬ್ಬು ಮೂರು ವಿನ್ಯಾಸಗಳನ್ನೂ ತುಂಬಿದ್ದೀರಿ. ಅದರ ಮೇಲೆ ಬಣ್ಣ ಬಣ್ಣದ ಉಲ್ಲನ್. ಬಣ್ಣ ಜಾಸ್ತಿಯಾದರೆ ಉಬ್ಬು ತಗ್ಗು ಕಾಣುವುದೇ ಇಲ್ಲ. ತಿಳಿ ಬಣ್ಣದ, ನುಣುಪಾದ, ಒಂದೇ ಬಣ್ಣದ ಉಲ್ಲನ್ ಸಾಕು.

ಹಾಗಾದರೆ ಲೇಖನ ವಾಪಸ್ಸಾ? ಅಲ್ಲ. ಲೇಖನದ ಜೊತೆ ನೀವೊಂದು ಚೀಟಿ ಇಟ್ಟಿದ್ದಿರಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ತವರಿನ ಹೊಲಕ್ಕೆ ಹೋದಾಗ, ಅಣ್ಣ ಸುಟ್ಟ ಸೀತನಿ (ಎಳೆ ಜೋಳ) ತೆನೆಯನ್ನು ಅಂಗೈಯಲ್ಲಿ ತಿಕ್ಕುತ್ತಾ, 'ಈ ಕಾಳು ಕೂತಿರೋ ರೀತಿ ಕಡ್ಡಿಗೆ ಬರತೈತೇನು' ಅಂತ ಅನ್ನಿಸಿತು ಎಂದು ಬರೆದಿದ್ದೀರಿ. ಆರು ಪುಟದಲ್ಲಿ ಇಲ್ಲದ್ದು ಆ ಚೀಟಿಯಲ್ಲಿದೆ. ಲೇಖನ ಅಲ್ಲಿಂದಲೇ ಶುರುವಾಗಲಿ.

ಬರುತ್ತದೆ ಅಕ್ಕೋರೆ. ಒಂದು ಸೀದಾ, ಒಂದು ಉಲ್ಟಾ. ಮುಂದಿನ ಸುತ್ತಿನಲ್ಲಿ ಸೀದಾ ಮೇಲೆ ಉಲ್ಟಾ, ಉಲ್ಟಾ ಮೇಲೆ ಸೀದಾ. ಉಲ್ಟಾ ಕುಣಿಕೆ ಮುಂದೆ ಉಬ್ಬುತ್ತದೆ. ಒಂದು ಬಿಟ್ಟು ಒಂದು ಉಬ್ಬಿದಾಗ ತೆನೆಯ ಮೇಲೆ ಕಾಳು ಒತ್ತೊತ್ತಾಗಿ ಕೂತ ಹಾಗೇ ಕಾಣುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸೀಡ್ ಸ್ಟಿಚ್, ಅಂದರೆ ಬೀಜದ ಹೊಲಿಗೆ ಎಂದೇ ಹೆಸರು. ಕೊಡದ ಮೇಲಿನ ಟೋಪಿ ಆದ ಮೇಲೆ ನಾನು ಇದನ್ನೇ 56 ಕುಣಿಕೆಗೆ ಹೆಣೆದೆ. ಪಟ್ಟಿ ಸೇರಿ 15 ಸೆಂ.ಮೀ. ಆದ ಮೇಲೆ ನೆತ್ತಿ ಕಟ್ಟಿದೆ. ಅಲ್ಲಿ ಕಾಳು ನಿಲ್ಲಿಸಿ ಬರೀ ಸೀದಾ ಹಾಕಿದೆ, ಇಲ್ಲದಿದ್ದರೆ ಕುಣಿಕೆ ಇಳಿಸುವಾಗ ಸಾಲು ತಪ್ಪುತ್ತದೆ. ಐದು ಹೆಣೆದು ಎರಡನ್ನು ಕೂಡಿಸಿದರೆ ಒಂದು ಸುತ್ತಿಗೆ 8 ಇಳಿದು 48 ಉಳಿಯುತ್ತವೆ. ನಡುವೆ ಒಂದು ಸುತ್ತು ಏನೂ ಇಳಿಸದೆ ಸುಮ್ನೆ. ಆಮೇಲೆ ನಾಲ್ಕು ಹೆಣೆದು ಎರಡು ಕೂಡಿಸಿ. ಹೀಗೇ ಇಳಿಸುತ್ತಾ ಕೊನೆಗೆ 8 ಉಳಿದಾಗ ದಾರ ಕತ್ತರಿಸಿ, ಎಂಟರೊಳಗೂ ತೂರಿಸಿ ಬಿಗಿದೆ. ಈ ಸಲ ತಲೆಗೇ ಬಂತು.

ಒಮ್ಮೆ ನಿಮ್ಮ ತಾಯಿಯವರ ಇಳಕಲ್ ಸೀರೆಯ ಟೋಪ ತೆನಿ ಸೆರಗು ಹಾಸಿ ನೋಡಿ. ಕೆಂಪಿನ ಮೇಲೆ ಬಿಳಿ. ಅದರಲ್ಲಿರುವುದು ಹಣಿಗೆ (ಬಾಚಣಿಗೆ), ಕೋಟೆ, ಜೋಳದ ತೆನೆ. ನೇಕಾರರು ದಿನಾ ಕಂಡದ್ದನ್ನೇ ಹಿಡಿದರು, ಪೈನ್ ಮರ ಹುಡುಕಿಕೊಂಡು ಹೋಗಲಿಲ್ಲ. ಸೆರಗಿನ ಮಾತು ಲೇಖನಕ್ಕೆ ಹಾಕಲೇಬೇಕು ಅಂತೇನಿಲ್ಲ. ನೋಡಿ ಸಾಕು.

ನಿಮ್ಮ ಕಡೆ ಅಂಗಡಿಯಲ್ಲಿ ದಪ್ಪ ಉಲ್ಲನ್ ಸಿಗದಿದ್ದರೆ ತೆಳುವಿನದೇ ಎರಡು ಮೂರು ಎಳೆ ಕೂಡಿಸಿ ಹೆಣೆಯಬಹುದು ಎಂಬ ಸಾಲು ಸೇರಿಸಿ. ಮತ್ತೆ ತುಣುಕು ಹೆಣೆದು ಅಳೆಯಬೇಕು, ಅದನ್ನೂ ಬರೆಯಿರಿ. ಆರು ಪುಟ ಎರಡೂವರೆಗೆ ಇಳಿಯಲಿ.

ಫೋಟೋ ಬೇರೆ ತೆಗೆಯಿರಿ. ಟೋಪಿಯನ್ನು ಕಿಟಕಿ ಪಕ್ಕ ಇಡಿ, ಬೆಳಕು ಮಗ್ಗುಲಿನಿಂದ ಬಿದ್ದರೆ ಕಾಳು ಎದ್ದು ಕಾಣುತ್ತದೆ. ಯಾರಾದರೂ ಹಾಕಿಕೊಂಡಿರಲಿ, ನಿಮ್ಮ ಅಣ್ಣನಾದರೂ ಸರಿ. ಈ ಸಲದ ಫೋಟೋದಲ್ಲಿ ಅದು ತೆಂಗಿನಕಾಯಿ ಮೇಲಿದೆ.