25ಕ್ಕೇ 300 ಎಕರೆ ಲಂಡನ್: ಈ ಡ್ಯೂಕ್ ಮಾಡುವ ಕೆಲಸವೇನು?

ಪ್ರಶ್ನೆ: ಲಂಡನ್ನಿನ ಮೇಫೇರ್, ಬೆಲ್‌ಗ್ರೇವಿಯಾ ಬಡಾವಣೆಗಳ ನೆಲವೆಲ್ಲ ಒಬ್ಬ ಯುವಕನಿಗೆ ಅಪ್ಪನಿಂದ ಬಂತಂತೆ. ಅವರು ಸ್ವಂತವಾಗಿ ಏನಾದ್ರೂ ಕೆಲಸ ಮಾಡಿದ್ದಾರಾ, ಇಲ್ಲ ಸುಮ್ನೆ ಬಾಡಿಗೆ ಎಣಿಸ್ತಾರಾ? ತೆರಿಗೆ ಕಟ್ಟಲೇ ಇಲ್ಲ ಅನ್ನೋದು ನಿಜವಾ?

ಉತ್ತರ: ನೀವು ಕೇಳುತ್ತಿರುವುದು ವೆಸ್ಟ್‌ಮಿನ್‌ಸ್ಟರ್‌ನ 7ನೇ ಡ್ಯೂಕ್ ಹ್ಯೂ ಗ್ರೋವ್ನರ್ ಬಗ್ಗೆ. ಹುಟ್ಟಿದ್ದು 1991ರಲ್ಲಿ. 2016ರ ಆಗಸ್ಟ್‌ನಲ್ಲಿ ತಂದೆ ಹಠಾತ್ತಾಗಿ ತೀರಿಕೊಂಡಾಗ ಇವರಿಗೆ 25. ಮನೆತನದ ಆಸ್ತಿ ಸುಮಾರು 900 ಕೋಟಿ ಪೌಂಡ್ ಎಂದು ಆಗ ಪತ್ರಿಕೆಗಳು ಬರೆದವು. ಇಬ್ಬರು ಅಕ್ಕಂದಿರಿದ್ದರೂ ಡ್ಯೂಕ್ ಪದವಿ ಬಂದದ್ದು ಇವರಿಗೇ, ಅದು ಗಂಡುಮಕ್ಕಳಿಗೆ ಮಾತ್ರ.

ಬಡಾವಣೆಗಳ ನೆಲ ಪೂರ್ತಿ ಇವರದ್ದಲ್ಲ, ಸುಮಾರು 300 ಎಕರೆ. ಇದು 1677ರ ಒಂದು ಮದುವೆಯಿಂದ ಬಂದದ್ದು. ವಧು ಮೇರಿ ಡೇವಿಸ್‌ಗೆ ಆಗ 12 ವರ್ಷ! ಅವಳ ಪಾಲಿನ ಜಮೀನು ಊರಾಚೆಯ ಹುಲ್ಲುಗಾವಲು, ಜೌಗು. ಊರು ಬೆಳೆದು ಅದರ ಮೇಲೇ ಹಬ್ಬಿತು.

ನನಗೆ ಮದುವೆಗಿಂತ ಮುಖ್ಯ ಅನಿಸುವುದು ಆಮೇಲೆ ಆದದ್ದು. ನೆಲವನ್ನು ಮಾರುವ ಬದಲು ಮನೆತನ ಲೀಸಿಗೆ ಕೊಡುತ್ತಾ ಬಂತು. ಅಂದರೆ ಲಕ್ಷಾಂತರ ಪೌಂಡ್ ಸುರಿದು ಮನೆ 'ಕೊಂಡ'ವರ ಕೈಗೆ ಬರುವುದು 99 ವರ್ಷದ್ದೋ ಇನ್ನಷ್ಟು ವರ್ಷದ್ದೋ ಹಕ್ಕು. ವರ್ಷ ಕಳೆದಂತೆ ಅದರ ಬೆಲೆ ಸವೆಯುತ್ತದೆ. 80 ವರ್ಷಕ್ಕಿಂತ ಕಡಿಮೆ ಉಳಿದರೆ ಮುಂದುವರಿಸುವ ಖರ್ಚು ಜಾಸ್ತಿ. ಅವಧಿ ಮುಗಿಯುವವರೆಗೂ ಸುಮ್ಮನಿದ್ದರೆ ನೆಲದ ಜೊತೆ ಕಟ್ಟಡವೂ ಒಡೆಯರಿಗೇ ವಾಪಸ್. ಲೀಸಿನವರೇ ನೆಲ ಕೊಳ್ಳಲು 1967ರ ಕಾನೂನು ದಾರಿ ಮಾಡಿದಾಗ, ಮನೆತನದ ಆಸ್ತಿ ನೋಡಿಕೊಳ್ಳುವ ಟ್ರಸ್ಟಿಗಳು ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯದವರೆಗೂ ಹೋದರು. 1986ರಲ್ಲಿ ಸೋತರು. 1993ರಲ್ಲಿ ಆಗಿನ ಕನ್ಸರ್ವೇಟಿವ್ ಸರ್ಕಾರ ಆ ಹಕ್ಕನ್ನು ಇನ್ನಷ್ಟು ವಿಸ್ತರಿಸಿತು. ಹ್ಯೂ ತಂದೆ ಅದೇ ಕೋಪಕ್ಕೆ ಕನ್ಸರ್ವೇಟಿವ್ ಪಕ್ಷ ಬಿಟ್ಟರು. ನೆಲ ಕೈಬಿಡುವುದು ಅಂದ್ರೆ ಈ ಮನೆಯಲ್ಲಿ ಅಷ್ಟು ದೊಡ್ಡ ವಿಷಯ.

ಇನ್ನು ಕೆಲಸ. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಗ್ರಾಮೀಣ ಪ್ರದೇಶಗಳ ನಿರ್ವಹಣೆ ಓದಿದರು. ಕುಟುಂಬದ ಕಂಪನಿಯಲ್ಲಿ ಸ್ವಲ್ಪ ಕಾಲ ಪಳಗಿ, ಬಯೋ-ಬೀನ್ ಎಂಬ ಹೊಸ ಕಂಪನಿ ಸೇರಿದರು. ಕಾಫಿ ಸೋಸಿದ ಮೇಲೆ ಉಳಿಯುವ ಚರಟದಿಂದ ಉರುವಲು ತಯಾರಿಸುವುದು ಅದರ ಕೆಲಸವಾಗಿತ್ತು. ಅಲ್ಲಿದ್ದಾಗಲೇ ತಂದೆ ಹೋದರು. ಈಗ ಹ್ಯೂ ಟ್ರಸ್ಟಿಗಳ ಅಧ್ಯಕ್ಷರು. ದಿನದ ವ್ಯವಹಾರ ನೋಡಿಕೊಳ್ಳಲು ಸಂಬಳದ ಅಧಿಕಾರಿಗಳಿದ್ದಾರೆ. ಹಾಗಾಗಿ ಇವರನ್ನು ದೊಡ್ಡ ಬಿಲ್ಡರ್ ಎಂದು ಕರೆಯಲು ನನಗೆ ಮನಸ್ಸಿಲ್ಲ. ಆಸ್ತಿ ಕಾಯುವುದು, ಎಲ್ಲಿ ಹಣ ಹಾಕಬೇಕೆಂದು ತೀರ್ಮಾನಿಸುವುದು, ಕೊಡುವುದು, ಇವರ ಕೆಲಸ ಇಷ್ಟು. ಕೊಟ್ಟಿದ್ದೂ ಉಂಟು. 2020ರಲ್ಲಿ ಕೋವಿಡ್ ನೆರವಿಗೆ 1.25 ಕೋಟಿ ಪೌಂಡ್ ಘೋಷಿಸಿದರು.

ತೆರಿಗೆ ವಿಷಯ ಅರ್ಧ ನಿಜ. ಬ್ರಿಟನ್ನಿನಲ್ಲಿ ಒಂದು ಮಿತಿ ದಾಟಿದ ಪಿತ್ರಾರ್ಜಿತ ಆಸ್ತಿಗೆ ಸಾಮಾನ್ಯ ದರ ಶೇ 40. ಆದರೆ ಇಲ್ಲಿ ಬಹುಪಾಲು ಆಸ್ತಿ ಟ್ರಸ್ಟ್‌ಗಳ ಹೆಸರಲ್ಲಿದೆ. ತಂದೆ ಹೋದರೂ ಟ್ರಸ್ಟ್ ಸಾಯುವುದಿಲ್ಲ, ಅಲ್ವಾ? ಹಾಗಾಗಿ ಆ ಪಾಲಿಗೆ ಶೇ 40ರ ಏಟು ಬೀಳುವುದಿಲ್ಲ. ಬದಲಿಗೆ ಇಂಥ ಟ್ರಸ್ಟ್‌ಗಳಿಗೆ ಹತ್ತು ವರ್ಷಕ್ಕೊಮ್ಮೆ ಹೆಚ್ಚೆಂದರೆ ಶೇ 6ರ ತೆರಿಗೆಯುಂಟು. ಕಾನೂನಿನ ಒಳಗೇ ನಡೆದದ್ದು. ಆದರೆ ಒಂದೇ ಮನೆ ಇರುವವರ ಮಕ್ಕಳಿಗೆ ಈ ದಾರಿ ಸಲೀಸಲ್ಲ, ಟೀಕೆ ಬಂದದ್ದೂ ಅದಕ್ಕೇ.