ಹುಲಿಮರಿಗೆ ಹಾಲು ಕುಡಿಸಬಹುದಾ?

ಪ್ರಶ್ನೆ: ಜನವರಿಯಲ್ಲಿ ಮನೆಯವರೆಲ್ಲ ಥಾಯ್ಲೆಂಡ್‌ಗೆ ಹೊರಟಿದ್ದೇವೆ. ಹುಲಿಮರಿಗೆ ಬಾಟಲಿ ಹಾಲು ಕುಡಿಸುವುದು, ಆನೆಗೆ ಸ್ನಾನ ಮಾಡಿಸುವುದು ಎರಡೂ ಪ್ಯಾಕೇಜ್‌ನಲ್ಲೇ ಇವೆ. ಎಂಟು ವರ್ಷದ ಮಗಳು ಈಗಲೇ ಕುಣಿಯುತ್ತಿದ್ದಾಳೆ. ಅಪಾಯವೇನೂ ಇಲ್ಲ ಎನ್ನುತ್ತಾರೆ ಟ್ರಾವೆಲ್ಸ್‌ನವರು. ನಂಬಬಹುದಾ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಎರಡನ್ನೂ ಬಿಟ್ಟುಬಿಡಿ. ಮಗಳು ಎರಡು ದಿನ ಮುನಿಸಿಕೊಂಡರೂ ಅಡ್ಡಿಯಿಲ್ಲ.

ಕಾಡಿನಲ್ಲಿ ಹುಲಿಮರಿ ಸುಮಾರು ಎರಡು ವರ್ಷ ತಾಯಿಯ ಜೊತೆಗೇ ಇರುತ್ತದೆ. ಅದು ನಿಮ್ಮ ಮಗಳ ತೊಡೆ ಮೇಲೆ ಕೂರಬೇಕಾದರೆ, ಹುಟ್ಟಿದ ಕೆಲವೇ ವಾರಗಳಲ್ಲಿ ತಾಯಿಯಿಂದ ಕಿತ್ತು ತಂದಿರುತ್ತಾರೆ. ಮರಿ ಹೋದ ಮೇಲೆ ತಾಯಿ ಬೇಗ ಬೆದೆಗೆ ಬರುತ್ತದೆ. ಮತ್ತೆ ಮರಿ. ಅಂಗಡಿಗೆ ಹೊಸ ಸ್ಟಾಕ್ ಬಂದ ಹಾಗೆ. ಕೆಲವು ತಿಂಗಳಿಗೆ ಮರಿ ಮಡಿಲಿನಲ್ಲಿ ಹಿಡಿಸುವುದಿಲ್ಲ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ? ಟ್ರಾವೆಲ್ಸ್‌ನವರನ್ನು ಇದೊಂದೇ ಪ್ರಶ್ನೆ ಕೇಳಿ ನೋಡಿ. ಅದೇ ದೇಶದ ಕಾಂಚನಬುರಿಯ ‘ಹುಲಿ ದೇವಾಲಯ’ದ ಮೇಲೆ 2016ರಲ್ಲಿ ದಾಳಿ ಮಾಡಿದ ಅಧಿಕಾರಿಗಳು 137 ಹುಲಿಗಳನ್ನು ಹೊರಗೆ ಸಾಗಿಸಿದರು. ಫ್ರೀಜರ್‌ನಲ್ಲಿ ಸಿಕ್ಕಿದ್ದು 40 ಸತ್ತ ಮರಿ. ಅಲ್ಲೂ ಪ್ರವಾಸಿಗರು ಬಾಟಲಿ ಹಿಡಿದು ನಗುನಗುತ್ತಾ ಫೋಟೊ ತೆಗೆಸಿಕೊಂಡಿದ್ದರು.

ಆನೆ ಸಾಧು ಅನ್ನಿಸುತ್ತದೆ, ಅಲ್ವಾ? ಗುರುತಿಲ್ಲದವರು ದಿನವಿಡೀ ಮೈ ತಿಕ್ಕಿದರೂ ಸುಮ್ನೆ ನಿಲ್ಲಬೇಕೆಂದರೆ, ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಕಟ್ಟಿ, ಬಡಿದು ಪಳಗಿಸಿರುತ್ತಾರೆ. ಆದರೂ ಸಿಟ್ಟು ಎಲ್ಲಿಗೂ ಹೋಗಿರುವುದಿಲ್ಲ. 2025ರ ಜನವರಿಯಲ್ಲಿ ಥಾಯ್ಲೆಂಡ್‌ನಲ್ಲೇ ಆನೆಗೆ ಸ್ನಾನ ಮಾಡಿಸುತ್ತಿದ್ದ ಸ್ಪೇನ್‌ನ ಯುವತಿ ಅದರ ದಾಳಿಗೆ ಸತ್ತಳು. ಎಂಟು ವರ್ಷದ ಮಗು ನೀರಲ್ಲಿ ನಿಂತು ಎಲ್ಲಿಗೆ ಓಡೀತು? ಆನೆಯಿಂದ ಮನುಷ್ಯರಿಗೆ ಕ್ಷಯ ಹರಡುವುದೂ ಉಂಟು.

ಅಲ್ಲಿನ ಕೋತಿಗಳಿಗೆ ಬಾಳೆಹಣ್ಣು ಕೊಡಲು ಹೋಗಬೇಡಿ. ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಕೇಳಿ. ಊರಿಗೆ ಬಂದು ಕಿಮ್ಸ್‌ನಲ್ಲಿ ತೋರಿಸೋಣ ಎಂದು ಕಾಯಬೇಡಿ.

ಮಗಳಿಗೆ ನಿಜಕ್ಕೂ ಪ್ರಾಣಿ, ಪಕ್ಷಿ ಇಷ್ಟವಾದರೆ ಡಿಸೆಂಬರ್‌ನಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಕರೆದೊಯ್ಯಿರಿ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇರುತ್ತವೆ. ರಾತ್ರಿ ಹೊಲದಲ್ಲಿ ಮೇಯ್ದು ಹಗಲು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ. ಹಾಗಾಗಿ ಡ್ರೋನ್ ಬೇಡ, ದಂಡೆ ಇಳಿಯುವುದೂ ಬೇಡ. ಬೈನಾಕ್ಯುಲರ್ ಇಲ್ಲದಿದ್ದರೆ ಯಾರಲ್ಲಾದರೂ ಕೇಳಿ ತೆಗೆದುಕೊಂಡು ಹೋಗಿ.