ಮುಂಬಯಿಯ ಬಾಡಿಗೆ ಮನೆ, ಕಾಗದಪತ್ರ ಮತ್ತು ಆ ಇಬ್ಬರು ಪರಿಚಿತರು

ನಿಮ್ಮ ಪತ್ರ ತಲುಪಿತು. ನವಿ ಮುಂಬಯಿಯ ಐರೋಲಿಯಲ್ಲಿ ಕೆಲಸ ಸಿಕ್ಕಿ ಹಾಸನದಿಂದ ಬಂದಿದ್ದೀರಿ. ಕಂಪನಿಯ ಅತಿಥಿಗೃಹದಲ್ಲಿ ಇನ್ನು ಹದಿನೈದು ದಿನ ಮಾತ್ರ ಇರಬಹುದು. ಜೂನ್ ತಿಂಗಳಲ್ಲಿ ತಾಯಿಯವರೂ ಪತ್ನಿಯೂ ಬರುವುದರೊಳಗೆ ಮುಲುಂಡ್ ಕಡೆ ಮನೆಯಾಗಬೇಕು. ದಲ್ಲಾಳಿ ಕೊಟ್ಟ ಫಾರ್ಮು ತುಂಬುತ್ತ ಹೋದವರಿಗೆ ‘ನಿಮ್ಮನ್ನು ಬಲ್ಲ ಇಬ್ಬರ ಹೆಸರು, ಫೋನ್ ನಂಬರು’ ಎಂಬಲ್ಲಿ ಕೈ ನಿಂತಿತು, ಈ ಊರಿನಲ್ಲಿ ನನ್ನನ್ನು ಬಲ್ಲವರು ಯಾರಿದ್ದಾರೆ ಎಂದು ಕೇಳಿದ್ದೀರಿ. ಧಾರವಾಡ ಬಿಟ್ಟು ಬಂದು ಐದು ಬಾಡಿಗೆ ಮನೆ ಬದಲಿಸಿ, ಕೊನೆಗೆ ಮುಲುಂಡಿನಲ್ಲೇ ನೆಲೆ ನಿಂತವನಾದ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲು ಆ ಇಬ್ಬರ ವಿಷಯ. ಅವರು ಜಾಮೀನುದಾರರಲ್ಲ. ನೀವು ಬಾಡಿಗೆ ಬಾಕಿ ಉಳಿಸಿದರೆ ಅವರು ತುಂಬಿಕೊಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ವಿಚಾರಿಸಬೇಕೆನಿಸಿದರೆ ಪೊಲೀಸರಿಗೋ ಮನೆಯ ಮಾಲೀಕರಿಗೋ ಫೋನ್ ಮಾಡಲು ಒಂದು ನಂಬರು ಬೇಕು, ಅಷ್ಟೆ. ಆದ್ದರಿಂದ ಒಬ್ಬರು ನಿಮ್ಮ ಕಚೇರಿಯ ಮೇಲಧಿಕಾರಿ ಅಥವಾ ಎಚ್‌ಆರ್ ವಿಭಾಗದವರಾಗಿರಲಿ, ಅದೂ ಅವರನ್ನು ಕೇಳಿ ಒಪ್ಪಿಗೆ ಪಡೆದ ಮೇಲೆ. ಇನ್ನೊಬ್ಬರು ಮುಂಬಯಿಯಲ್ಲಿ ಸ್ವಂತ ವಿಳಾಸವುಳ್ಳವರಾದರೆ ಒಳ್ಳೆಯದು, ಏಕೆಂದರೆ ಹಾಸನದಲ್ಲಿರುವ ನಿಮ್ಮ ಸೋದರಮಾವನ ಹೆಸರನ್ನು ಬರೆದರೆ ತಪ್ಪೇನೂ ಇಲ್ಲದಿದ್ದರೂ ಮಾಲೀಕರ ಮನಸ್ಸಿಗೆ ಅದರಿಂದ ಸಮಾಧಾನವಾಗುವುದಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೋ ಮಾಹಿಮಿನ ಕರ್ನಾಟಕ ಸಂಘಕ್ಕೋ ಹೋಗಿ ಬರುತ್ತಿದ್ದರೆ ನಾಲ್ಕು ಜನರ ಪರಿಚಯ ತಾನಾಗಿ ಆಗುತ್ತದೆ. ಹೋದ ಮೊದಲ ದಿನವೇ ಫಾರ್ಮು ಹಿಡಿದು ಯಾರ ಮುಂದೆಯೂ ನಿಲ್ಲಬೇಡಿ.

ನನ್ನ ಹೆಸರು ಬರೆಯಬಹುದೇ ಎಂದು ನೀವು ಸಂಕೋಚದಿಂದ ಕೇಳಿದ್ದೀರಿ. ಬರೆಯಬಹುದು, ಆದರೆ ನಾವಿಬ್ಬರೂ ಮುಖಾಮುಖಿ ಭೇಟಿಯಾದ ನಂತರ. ಇದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಹುಡುಗನೊಬ್ಬ ಫೋನಿನಲ್ಲಿ ಕೇಳಿಕೊಂಡನೆಂದು ಅವನ ಮುಖವನ್ನೂ ನೋಡದೆ ಹೂಂ ಅಂದುಬಿಟ್ಟೆ. ಅವನು ಎರಡು ತಿಂಗಳ ಬಾಡಿಗೆ ಉಳಿಸಿ ಊರು ಬಿಟ್ಟ ಮೇಲೆ ಆ ಮನೆಯ ಮಾಲೀಕರು ಮಳೆಗಾಲ ಮುಗಿಯುವವರೆಗೂ ನನಗೆ ಫೋನ್ ಮಾಡುತ್ತಿದ್ದರು. ಕೊಡಬೇಕಾದ ಹೊಣೆ ನನ್ನದಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ಪ್ರತಿ ಸಲ ಉತ್ತರ ಹೇಳುವಾಗ ನಾಲಿಗೆ ತಡವರಿಸುತ್ತಿತ್ತು.

ನೀವು ಕೇಳದೆ ಬಿಟ್ಟ ಒಂದು ತೊಡಕನ್ನು ನಿಮ್ಮ ಸಹಿ ನೋಡಿಯೇ ಊಹಿಸಿದೆ. ಮಹಾರಾಷ್ಟ್ರದ ಫಾರ್ಮುಗಳು ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಮನೆ ಮಾಡಿಕೊಂಡು ಕೂತಿರುತ್ತವೆ. ನಮ್ಮ ಧಾರವಾಡದ ಕಡೆಯವರಿಗೆ ಅಡ್ಡಹೆಸರು ಇರುತ್ತದೆ. ಹಳೇ ಮೈಸೂರಿನ ನಿಮ್ಮಂಥವರಿಗೆ ಹೆಸರಿನ ಮುಂದೆ ಎರಡು ಇನಿಷಿಯಲ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ಅದರ ವಿಸ್ತಾರ, ಕಂಪನಿಯ ಪತ್ರದಲ್ಲಿ ಊರಿನ ಹೆಸರೇ ಅಡ್ಡಹೆಸರಾಗಿ ಅಚ್ಚಾಗಿರುವ ಉದಾಹರಣೆಗಳನ್ನು ನಾನು ಕಂಡಿದ್ದೇನೆ. ಕರಾರಿನ ನೋಂದಣಿಯಲ್ಲಿ ಗುರುತನ್ನು ಆಧಾರ್‌ನಿಂದಲೇ ಖಚಿತಪಡಿಸಿಕೊಳ್ಳುವುದರಿಂದ ಎಲ್ಲ ಕಾಗದಗಳಲ್ಲೂ ಆಧಾರ್‌ನಲ್ಲಿ ಇದ್ದಂತೆಯೇ ಹೆಸರು ಬರೆಯಿಸಿ. ಗುಮಾಸ್ತ ಕೇಳಿದನೆಂದು ಅಲ್ಲೇ ನಿಂತು ಹೊಸ ಅಡ್ಡಹೆಸರು ಹುಟ್ಟಿಸಬೇಡಿ.

ಇನ್ನು ಕರಾರು. ಇಲ್ಲಿ ಮನೆ ಕೊಡುವುದು ಸಾಮಾನ್ಯವಾಗಿ ‘ಲೀವ್ ಆ್ಯಂಡ್ ಲೈಸೆನ್ಸ್’ ಪದ್ಧತಿಯಲ್ಲಿ, ಅಂದರೆ ಮನೆಯ ಮೇಲೆ ಹಕ್ಕು ಕೊಡದೆ ಗೊತ್ತಾದ ಅವಧಿಗೆ ವಾಸದ ಅನುಮತಿ ಮಾತ್ರ ಕೊಡುವ ಕರಾರಿನಲ್ಲಿ, ಹನ್ನೊಂದು ತಿಂಗಳಿಗೆ. ಹನ್ನೊಂದು ತಿಂಗಳಾದರೆ ನೋಂದಣಿ ಬೇಡ ಎಂದು ಊರಿನಲ್ಲಿ ಕೇಳಿರುತ್ತೀರಿ, ಇಲ್ಲಿಯ ಕೆಲವು ದಲ್ಲಾಳಿಗಳೂ ಹಾಗೆಯೇ ಹೇಳುತ್ತಾರೆ. ಮಹಾರಾಷ್ಟ್ರದಲ್ಲಿ ಅದು ಸರಿಯಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಇಂಥ ಕರಾರು ಎಷ್ಟು ತಿಂಗಳಿನದಾದರೂ ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ಅವರಿಗೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು, ಮತ್ತು ತಕರಾರು ಎದ್ದಾಗ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಜವೆಂದು, ಬೇರೆ ರೀತಿ ಸಾಬೀತಾಗುವವರೆಗೆ, ಹಿಡಿಯಲಾಗುತ್ತದೆ. ಖರ್ಚೂ ಹೆಚ್ಚಲ್ಲ. ಹನ್ನೊಂದು ತಿಂಗಳ ಒಟ್ಟು ಬಾಡಿಗೆಗೆ, ಹಿಂದಿರುಗಿಸುವ ಡಿಪಾಜಿಟ್ಟಿನ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಲೆಕ್ಕ ಹಾಕಿ ಸೇರಿಸಿ, ಆ ಮೊತ್ತದ ಶೇ. 0.25 ಮುದ್ರಾಂಕ ಶುಲ್ಕ. ತಿಂಗಳಿಗೆ 25,000 ಬಾಡಿಗೆ, ಒಂದು ಲಕ್ಷ ಡಿಪಾಜಿಟ್ ಎಂದುಕೊಂಡರೆ ಏಳುನೂರು ಚಿಲ್ಲರೆ ರೂಪಾಯಿ, ಅದರ ಮೇಲೆ ನಗರದಲ್ಲಿ ನೋಂದಣಿ ಶುಲ್ಕ 1,000. ಏಜೆಂಟರ ಕೂಲಿ ಬೇರೆ, ಅದನ್ನು ಯಾರು ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ.

ಇದಕ್ಕಾಗಿ ಈಗ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಲು ನಿಲ್ಲಬೇಕಾಗಿಲ್ಲ. ಏಜೆಂಟು ಲ್ಯಾಪ್‌ಟಾಪು, ಕ್ಯಾಮೆರಾ, ಹೆಬ್ಬೆಟ್ಟಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ. ನಮ್ಮ ಕಟ್ಟಡದಲ್ಲಿ ನಾನು ಸಾಕ್ಷಿಯಾಗಿ ಕೂತ ಒಂದು ಕರಾರಿನಲ್ಲಿ ಎಂಬತ್ತು ದಾಟಿದ ಮಾಲೀಕಳ ಬೆರಳು ಸವೆದು ನುಣ್ಣಗಾಗಿದ್ದವು, ಯಂತ್ರ ಹತ್ತೂ ಬೆರಳನ್ನು ತಿರಸ್ಕರಿಸಿತು. ಆ ಹುಡುಗ ಬೇಸರಿಸದೆ, ‘ಆಜಿ, ಬೆರಳನ್ನು ತಲೆಗೂದಲಿಗೆ ಒಮ್ಮೆ ಉಜ್ಜಿ’ ಎಂದ. ಬೆಳಿಗ್ಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆರಳ ತುದಿಗೆ ತಾಗಿದ್ದೇ ಹಸಿರು ದೀಪ ಹತ್ತಿತು. ನಿಮ್ಮ ಮಾಲೀಕರು ವೃದ್ಧರಾದರೆ ಆ ದಿನಕ್ಕೆ ಒಂದು ತಾಸು ಹೆಚ್ಚು ಇಟ್ಟುಕೊಳ್ಳಿ. ನೋಂದಣಿಯಾದ ಪ್ರತಿಯನ್ನೂ ಇಂಡೆಕ್ಸ್-2 ಎಂಬ ನೋಂದಣಿಯ ಸಾರಾಂಶದ ಪುಟವನ್ನೂ ಕೇಳಿ ಪಡೆಯಿರಿ. ಬ್ಯಾಂಕು, ಗ್ಯಾಸು, ಪಾಸ್‌ಪೋರ್ಟು ಎಂದು ಮುಂದೆ ಎಲ್ಲಿ ಹೋದರೂ ನಿಮ್ಮ ವಿಳಾಸಕ್ಕೆ ಇದೇ ಪುರಾವೆ.

ಎಲ್ಲರೂ ನಿಮ್ಮ ಕಾಗದ ಕೇಳುತ್ತಾರೆ. ಮಾಲೀಕರ ಕಾಗದವನ್ನು ನೀವೂ ಕೇಳಬೇಕು. ಮನೆ ತೋರಿಸುವವರೇ ಮನೆಯ ಒಡೆಯರು ಎಂದುಕೊಳ್ಳಬೇಡಿ. ಸೊಸೈಟಿಯ, ಅಂದರೆ ಕಟ್ಟಡದ ಮನೆ ಮಾಲೀಕರ ಸಹಕಾರಿ ಸಂಘದ, ಮೇಂಟೆನೆನ್ಸ್ ಬಿಲ್ಲು, ವಿದ್ಯುತ್ ಬಿಲ್ಲು ಯಾರ ಹೆಸರಿನಲ್ಲಿವೆ ನೋಡಿ, ಬೇರೆಯವರ ಪರವಾಗಿ ಸಹಿ ಹಾಕುವವರಾದರೆ ಅಧಿಕಾರಪತ್ರ ನೋಡಿ. ಡಿಪಾಜಿಟ್ಟನ್ನು ಬ್ಯಾಂಕಿನ ಮೂಲಕವೇ ಕೊಡಿ, ಮೊತ್ತ ಕರಾರಿನಲ್ಲಿ ಪೂರ್ತಿ ಬರೆದಿರಲಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆಬಾಡಿಗೆ ರಿಯಾಯಿತಿ ಪಡೆಯುವವರಿಗೆ, ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ, ಮಾಲೀಕರ ಪ್ಯಾನ್ ಸಂಖ್ಯೆ ಬೇಕಾಗುತ್ತದೆ. ಅದನ್ನು ಸಹಿಗೆ ಮುಂಚೆ ಕೇಳಿದರೆ ಮುನಿಸಿಲ್ಲದೆ ಸಿಗುತ್ತದೆ.

ಸೊಸೈಟಿಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರದ ಬಗ್ಗೆ ಭಯ ಬೇಡ. ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಸದಸ್ಯನು, ಅಂದರೆ ಮನೆಯ ಮಾಲೀಕನು, ಬಾಡಿಗೆಗೆ ಕೊಡುವುದನ್ನು ಮುಂಚಿತವಾಗಿ ತಿಳಿಸಿದರೆ ಸಾಕು. ಆದರೂ ವ್ಯವಹಾರದಲ್ಲಿ ಕಾರ್ಯದರ್ಶಿಗಳು ಬಾಡಿಗೆದಾರರನ್ನು ಕರೆಸಿ ಮಾತಾಡಿಸುವುದುಂಟು, ಹೋಗಿ ಮಾತಾಡಿ. ತಾಯಿ ಮತ್ತು ಪತ್ನಿ ಬರುವವರಿದ್ದಾರೆ ಎಂದು ಮೊದಲೇ ಹೇಳಿದರೆ ಬ್ಯಾಚುಲರ್ ಎಂಬ ತಕರಾರು ಅಲ್ಲೇ ಮುಗಿಯುತ್ತದೆ. ಮಾಲೀಕರು ತಾವು ವಾಸಿಸದೆ ಬಾಡಿಗೆಗೆ ಕೊಟ್ಟ ಮನೆಗೆ ನಾನ್-ಆಕ್ಯುಪೆನ್ಸಿ ಶುಲ್ಕವೆಂದು ಸೊಸೈಟಿ ವಿಧಿಸುವುದು ಸೇವಾಶುಲ್ಕದ ಶೇ. 10 ಮೀರಬಾರದು, ಅದು ಮಾಲೀಕರ ಹೊರೆ. ಕರಾರಿನಲ್ಲಿ ಸದ್ದಿಲ್ಲದೆ ನಿಮ್ಮ ಹೆಗಲಿಗೆ ದಾಟಿದೆಯೇ ಎಂದು ನೋಡಿ. ಪೊಲೀಸರಿಗೆ ಮಾಹಿತಿ ಕೊಡುವುದೂ ಮಾಲೀಕರ ಕೆಲಸವೇ, ಆನ್‌ಲೈನಿನಲ್ಲೇ ಆಗುತ್ತದೆ. ಸಲ್ಲಿಸಿದ ರಸೀತಿಯ ಪ್ರತಿ ನಿಮ್ಮಲ್ಲಿರಲಿ.

ಭಾನುವಾರ ಬೆಳಿಗ್ಗೆ ಹತ್ತರ ನಂತರ ನಾನು ಮನೆಯಲ್ಲೇ ಇರುತ್ತೇನೆ. ಐರೋಲಿ ಸೇತುವೆ ದಾಟಿದರೆ ಮುಲುಂಡ್ ಪೂರ್ವ ದೂರವಲ್ಲ. ಬರುವಾಗ ಆಧಾರ್, ಪ್ಯಾನ್, ಕಂಪನಿಯ ನೇಮಕ ಪತ್ರ, ನಾಲ್ಕು ಭಾವಚಿತ್ರ ಮತ್ತು ಆ ಅರ್ಧ ತುಂಬಿದ ಫಾರ್ಮು ತನ್ನಿ. ಇನಿಷಿಯಲ್ಲುಗಳ ವಿಷಯ ಮೊದಲು ನೋಡಿಕೊಂಡು, ನನ್ನ ಹೆಸರನ್ನು ಆಮೇಲೆ ಬರೆಯೋಣ.